ಒಣಮೀನಿನ ಜೊಮ್‌ಸುನ್ ಅಕ್ಕನ ಹನ್ನೆರಡು ಮಂಗಳವಾರ

ಕೊರಿಯಾದ ತೆಂಕಣ ಕರಾವಳಿಯ ಒಂದು ಬಂದರೂರಿನ ಮಾರ್ಕೆಟ್ಟಿನಲ್ಲಿ ನಾನು ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಬದುಕುವವಳು. ನನ್ನ ಹೊಲಿಗೆ ಯಂತ್ರಕ್ಕೆ ಎದುರಾಗಿ ಜೊಮ್‌ಸುನ್ ಅಕ್ಕನ ಒಣಮೀನಿನ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದೇವೆ. ಅವಳ ಪ್ಯಾಂಟುಗಳ ಸೊಂಟ ಬಿಚ್ಚಿ ಪಟ್ಟಿ ಕೂಡಿಸಿದ್ದು ನಾನೇ ಆದ್ದರಿಂದ ಅವಳು ವರ್ಷ ವರ್ಷ ಎಷ್ಟು ದಪ್ಪವಾದಳು ಎನ್ನುವುದು ಅವಳಿಗಿಂತ ನನಗೆ ಚೆನ್ನಾಗಿ ಗೊತ್ತು.

ಅವಳು ಯಾರನ್ನೂ ನಂಬುವವಳಲ್ಲ. ಪಕ್ಕದ ಅಂಗಡಿಯಲ್ಲಿ ಮೂಲಂಗಿ ಕೊಂಡರೂ ತಂದು ತನ್ನ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗುತ್ತಾಳೆ. ಮಗ ಫೋನು ಮಾಡಿ ಊಟ ಆಯ್ತಾ ಎಂದು ಕೇಳಿದರೆ "ಯಾಕೆ, ಏನಾಗ್ಬೇಕಿತ್ತು?" ಎನ್ನುತ್ತಾಳೆ.

ಮೊದಲು ಹೀಗಿರಲಿಲ್ಲ. ಆರು ವರ್ಷದ ಹಿಂದೆ ಮಾರ್ಕೆಟ್ಟಿನ ಹಿಂಬದಿಯ ಖಾಲಿ ಮಳಿಗೆಯಲ್ಲಿ ಯಾರೋ ಬಂದು ಒಂದು ಹಾಲ್ ತೆರೆದರು. ಹೋದವರಿಗೆಲ್ಲ ಪುಕ್ಕಟೆ ಮೊಟ್ಟೆ ಸಿಗುತ್ತಿತ್ತು. ಚೆಂದದ ಹುಡುಗರು "ಅಮ್ಮಾ, ಅಮ್ಮಾ" ಎನ್ನುತ್ತಾ ಭುಜ ಒತ್ತುತ್ತಿದ್ದರು, ಹಳೆಯ ಹಾಡು ಹಾಡುತ್ತಿದ್ದರು. ಎರಡನೇ ವಾರಕ್ಕೆ ಒಂದು ಕಂದು ಪುಡಿ ಮಾರಾಟಕ್ಕೆ ಬಂತು. ಅದು ಕೊಬ್ಬು ಕರಗಿಸುತ್ತದಂತೆ, ರಕ್ತ ಶುದ್ಧಿ ಮಾಡುತ್ತದಂತೆ, ಅದೊಂದಿದ್ದರೆ ಬೇರೆ ಮಾತ್ರೆ ಬೇಡವಂತೆ. ನಮ್ಮ ಸಾಲಿನ ಹೆಂಗಸರನ್ನೆಲ್ಲ ಕೈಹಿಡಿದು ಅಲ್ಲಿಗೆ ಕರೆದೊಯ್ದವಳು ಜೊಮ್‌ಸುನ್ ಅಕ್ಕನೇ. ಉಪ್ಪು ಸೀಗಡಿ ಮಾರುವ ಬೊಂಗ್‌ನಿಮ್ ಅಕ್ಕ, ನಮ್ಮೆಲ್ಲರಿಗಿಂತ ಹಿರಿಯಳು, ಪುಡಿ ನೆಚ್ಚಿಕೊಂಡು ಬಿ.ಪಿ. ಮಾತ್ರೆ ಬಿಟ್ಟಳು. ನಾಲ್ಕನೇ ತಿಂಗಳು ಸೀಗಡಿ ಡಬ್ಬದ ಮೇಲೇ ಕುಸಿದು ಬಿದ್ದಳು. ಜೀವ ಉಳಿಯಿತು, ಎಡಗೈ ಮಾತ್ರ ಇಂದಿಗೂ ಸರಿಯಾಗಿ ಏಳುವುದಿಲ್ಲ. ಅಷ್ಟರಲ್ಲಿ ಹಾಲ್‌ಗೆ ಬೀಗ ಬಿದ್ದಿತ್ತು. ಬೊಂಗ್‌ನಿಮ್ ಅಕ್ಕ ಒಂದು ಮಾತೂ ಬೈಯಲಿಲ್ಲ. ಜೊಮ್‌ಸುನ್ ಅಕ್ಕನ ಅಂಗಡಿಗೆ ಊಟಕ್ಕೆ ಬರುವುದನ್ನು ನಿಲ್ಲಿಸಿದಳು, ಅಷ್ಟೆ.

ಹೋದ ವರ್ಷ ಮಾರ್ಚಿನಲ್ಲಿ ವ್ಯಾಪಾರಿಗಳ ಸಂಘದ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಆರೋಗ್ಯ ಕೇಂದ್ರದಿಂದ ಊಟದ ಪಾಠ, ಹನ್ನೆರಡು ಮಂಗಳವಾರ, ಹೊಟ್ಟೆಯ ಬೊಜ್ಜು ಇಳಿಸಿಕೊಳ್ಳಲು ಬಯಸುವವರಿಗೆ ಉಚಿತ.

"ಉಚಿತ" ಎಂಬ ಪದ ಓದಿದ್ದೇ ಜೊಮ್‌ಸುನ್ ಅಕ್ಕನ ಹುಬ್ಬು ಗಂಟಾಯಿತು.

"ನೋಡಿದ್ಯೇನೇ ಹೊಲಿಗೆಯವಳೇ, ಮತ್ತೆ ಬಂದ್ರು."

"ಸರ್ಕಾರದ್ದಂತಲ್ಲ ಅಕ್ಕ. ನಿನಗೂ ಸಕ್ಕರೆ ಅಂಚಿಗೆ ಬಂದಿದೆ, ಐದು ಕೆ.ಜಿ. ಇಳಿಸು ಅಂತ ಡಾಕ್ಟ್ರು ಹೇಳಿಲ್ವಾ?"

"ನಾನು ಹೋಗ್ತೀನಿ. ಇಳಿಸೋಕಲ್ಲ. ಹಿಡಿಯೋಕೆ."

ಪಾಠ ಹೇಳಲು ಬಂದವಳು ತಾಕ್ ಹ್ಯೊಂಜು ಎಂಬ ಇಪ್ಪತ್ತೇಳರ ಹುಡುಗಿ. ಬೆನ್ನಿಗೊಂದು ದೊಡ್ಡ ಕಪ್ಪು ಚೀಲ. ಜೊಮ್‌ಸುನ್ ಅಕ್ಕ ಬಾಗಿಲ ಪಕ್ಕದ ಕುರ್ಚಿ ಹಿಡಿದು, ಹುಡುಗಿಯ ಮುಖ ಬಿಟ್ಟು ಆ ಚೀಲವನ್ನೇ ನೋಡುತ್ತಾ ಕೂತಳು.

"ಅಮ್ಮಾ, ಬನ್ನಿ, ಮೊದಲು ತೂಕ ನೋಡೋಣ," ಎಂದಳು ಹ್ಯೊಂಜು.

"ನಿನ್ನನ್ನ ನಾನು ಹೆತ್ತ ನೆನಪಿಲ್ಲ. ಹೆಸರು ಹಿಡಿದು ಕರಿ."

ಕೋಣೆಯೆಲ್ಲ ನಕ್ಕಿತು. ಹುಡುಗಿ ಕೆಂಪಾದಳು. "ಸರಿ, ಜೊಮ್‌ಸುನ್ ಅವರೇ, ಬನ್ನಿ."

ಅಕ್ಕ ತೂಕಕ್ಕೆ ನಿಲ್ಲಲಿಲ್ಲ. ಹೊರಗೆ ಹೋಗಿ, ಇಪ್ಪತ್ತು ಕೆ.ಜಿ. ಅಕ್ಕಿ ಮೂಟೆಯೊಂದನ್ನು ಅಪ್ಪಿಕೊಂಡು ಬಂದು ತೂಕದ ಯಂತ್ರದ ಮೇಲೆ ಧೊಪ್ಪೆಂದು ಹಾಕಿದಳು. ಮೂವತ್ತು ವರ್ಷ ತಕ್ಕಡಿ ಹಿಡಿದವಳಿಗೆ ತಕ್ಕಡಿ ಎಷ್ಟು ಬಗೆಯಲ್ಲಿ ಸುಳ್ಳು ಹೇಳಬಲ್ಲದು ಎಂದು ಗೊತ್ತಿತ್ತು. ಮೊದಲ ದಿನ ಎರಡು ಕೆ.ಜಿ. ಹೆಚ್ಚು ತೋರಿಸಿ, ಕೊನೆಯ ದಿನ ಸರಿಯಾಗಿ ತೋರಿಸಿದರೆ ಯಾರ ಬೊಜ್ಜಾದರೂ ಕರಗುತ್ತದೆ. ಯಂತ್ರ ಇಪ್ಪತ್ತಕ್ಕೆ ಚೂರು ಮೇಲೆ ನಿಂತಿತು. ಆ ಚೂರು ಗೋಣಿಯ ತೂಕ ಇರಬೇಕು.

"ಪ್ರತಿ ವಾರ ಹೀಗೇ ಪರೀಕ್ಷೆ ಮಾಡಿ. ನನಗೂ ಒಳ್ಳೇದೇ," ಎಂದಳು ಹ್ಯೊಂಜು. ಕೋಪ ಮಾಡಿಕೊಳ್ಳದ ಈ ಮಾತು ಅಕ್ಕನ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು. ಮೋಸಗಾರರಿಗೆ ಕೋಪ ಬರುವುದಿಲ್ಲ ಎಂಬುದು ಅವಳ ಅನುಭವ.

ಅಕ್ಕ ಎಪ್ಪತ್ತೊಂದೂವರೆ ಕೆ.ಜಿ. ಇದ್ದಳು. ಸೊಂಟದ ಅಳತೆಗೆ ಹುಡುಗಿಯ ಟೇಪನ್ನು ಒಪ್ಪದೆ ನನ್ನ ಟೇಪನ್ನೇ ತರಿಸಿದಳು. ತೊಂಬತ್ತಾರು ಸೆಂಟಿಮೀಟರ್. ನಾನೇ ಅಳೆದೆ. ನನ್ನ ಮುಖವನ್ನೂ ಒಮ್ಮೆ ದುರುಗುಟ್ಟಿ ನೋಡಿದಳು.

ಬಾಯಿಗೆ ಹಾಕಿದ್ದನ್ನೆಲ್ಲ ಒಂದು ವಾರ ಬರೆದು ತನ್ನಿ ಎಂದು ಹ್ಯೊಂಜು ಎಲ್ಲರಿಗೂ ಒಂದೊಂದು ಪುಸ್ತಕ ಕೊಟ್ಟಳು.

"ನನ್ನ ಅಡುಗೆಮನೆ ವಿಷಯ ಇವಳಿಗ್ಯಾಕೆ? ಯಾರಿಗೆ ಯಾವ ಔಷಧಿ ಅಂಟಿಸ್ಬೇಕು ಅಂತ ಲೆಕ್ಕ ಹಾಕೋಕೆ," ಎಂದು ನನ್ನ ಕಿವಿಯಲ್ಲಿ ಹೇಳಿದ ಅಕ್ಕ ಆ ವಾರ ಬರೆದದ್ದು ಬರೀ ಸುಳ್ಳು. ಬೆಳಿಗ್ಗೆ ಮೂರು ಚಮಚ ಅನ್ನ, ಮಧ್ಯಾಹ್ನ ಹುಳಿ ಎಲೆಕೋಸಿನ ಕಿಮ್ಚಿ ಮತ್ತು ಅರ್ಧ ಬಟ್ಟಲು ಅನ್ನ, ರಾತ್ರಿ ಏನೂ ಇಲ್ಲ. ನಾನು ಎದುರಿಗೇ ಕೂತವಳು. ಹಾಲಿನಪುಡಿ, ಸಕ್ಕರೆ ಬೆರೆಸಿದ ಕಾಫಿ ಪೊಟ್ಟಣ ದಿನಕ್ಕೆ ಏಳು ಒಡೆಯುತ್ತಾಳೆ. ಯಾರು ಬಂದರೂ ಒಂದು ಲೋಟ, ಅವರ ಜೊತೆ ತಾನೂ ಒಂದು. ಸಾರಿಗೆ ಅನ್ನ ಸುರಿದು ತಳದ ಉಪ್ಪು ನೀರಿನವರೆಗೆ ಕುಡಿಯುತ್ತಾಳೆ. ಸಂಜೆ ಸಿಹಿ ಅಕ್ಕಿ ಕಡುಬು. ಇಷ್ಟಾಗಿಯೂ "ನೀರು ಕುಡಿದ್ರೂ ಮೈಗೆ ಹತ್ತುತ್ತೆ ನನಗೆ" ಎನ್ನುವವಳು.

ಹ್ಯೊಂಜು ಪುಸ್ತಕ ತಿರುವಿ ನೋಡಿದಳು. "ಇಷ್ಟೇ ತಿಂದು ಆ ಅಕ್ಕಿ ಮೂಟೆ ಎತ್ತೋಕೆ ಆಗಲ್ಲ," ಎಂದು ಮೆಲ್ಲಗೆ ಹೇಳಿ, ಏನೂ ತಿದ್ದದೆ ವಾಪಸು ಕೊಟ್ಟಳು.

ಮೂರನೇ ವಾರವೂ ಚೀಲದಿಂದ ಮಾರಾಟದ ಸಾಮಾನು ಹೊರಬರಲಿಲ್ಲ. ಬಂದದ್ದು ಪ್ಲಾಸ್ಟಿಕ್ಕಿನ ಅನ್ನ, ಪ್ಲಾಸ್ಟಿಕ್ಕಿನ ಮೀನು, ಒಂದು ಸಣ್ಣ ಬಟ್ಟಲು. ಅವಳ ಪಾಠ ಇಷ್ಟೇ: ತಟ್ಟೆಯ ಅರ್ಧ ಸೊಪ್ಪು ತರಕಾರಿ. ಅಂಗೈಯಷ್ಟು ಮೀನು, ಇಲ್ಲವೇ ತೋಫು, ಇಲ್ಲವೇ ಮೊಟ್ಟೆ. ಅನ್ನ ಒಂದು ಮುಷ್ಟಿ, ಅದೂ ಕೊನೆಗೆ. ಸಾರಿನಲ್ಲಿರುವ ತುಂಡು ತಿನ್ನಿ, ನೀರು ಬಿಡಿ. ಇಷ್ಟು ಸರಳವಾದದ್ದನ್ನು ಹೇಳಲು ಯಾರಾದರೂ ಸಂಬಳ ಕೊಟ್ಟು ಕಳಿಸುತ್ತಾರೆಯೇ ಎಂದು ನನಗೂ ಒಳಗೊಳಗೇ ಅನಿಸಿತು.

ಅಕ್ಕ ಮಾತ್ರ ಅನಿಸಿಕೆಯಲ್ಲಿ ನಿಲ್ಲಲಿಲ್ಲ. ವರ್ಷಕ್ಕೆರಡು ಹಬ್ಬ ಬಿಟ್ಟರೆ ಅಂಗಡಿ ಮುಚ್ಚದವಳು ಗುರುವಾರ ಟಾರ್ಪಾಲು ಎಳೆದು, ಬಸ್ಸು ಹತ್ತಿ ಆರೋಗ್ಯ ಕೇಂದ್ರಕ್ಕೇ ಹೋದಳು. ಮಧ್ಯಾಹ್ನ ಹಿಂತಿರುಗಿದಾಗ ಅವಳ ಮುಖದಲ್ಲಿ ಗೆಲುವಿತ್ತು.

"ಗೋಡೆ ಮೇಲೆ ಎಲ್ರ ಫೋಟೊ, ಹೆಸ್ರು ಹಾಕಿದಾರೆ. ಇವಳದ್ದಿಲ್ಲ. ಕಿಟಕಿಲಿ ಕೂತವನನ್ನ ಕೇಳ್ದೆ. ಆ ಹೆಸರಿನವರು ಯಾರೂ ಇಲ್ಲ ಅಂದ. ಈಗ ಏನಂತೀಯ?"

ನಾಲ್ಕನೇ ಮಂಗಳವಾರ ಮೂವತ್ತು ಜನರ ನಡುವೆ ಅಕ್ಕ ಎದ್ದು ನಿಂತಳು.

"ಏ ಹುಡುಗಿ, ನೀನ್ಯಾರು? ನಿಜವಾಗಿ ಯಾರು? ಆರೋಗ್ಯ ಕೇಂದ್ರದಲ್ಲಿ ನಿನ್ನ ಹೆಸರೇ ಇಲ್ಲ. ಆ ಚೀಲ ತೆಗಿ, ಎಲ್ಲಾ ಹೊರಗೆ ಹಾಕು!"

ಹ್ಯೊಂಜು ಚೀಲವನ್ನು ಮೇಜಿನ ಮೇಲೆ ತಲೆಕೆಳಗು ಮಾಡಿದಳು. ಪ್ಲಾಸ್ಟಿಕ್ ಮೀನು, ಟೇಪು, ಪುಸ್ತಕಗಳು, ಛತ್ರಿ, ಅವಳ ಊಟದ ಡಬ್ಬಿ. ಕೊನೆಗೆ ಮಡಚಿದ ಒಂದು ಕಾಗದ. ಅದನ್ನು ಬಿಡಿಸಿ ಅಕ್ಕನ ಕೈಗೆ ಕೊಟ್ಟಳು.

"ಹನ್ನೊಂದು ತಿಂಗಳ ಗುತ್ತಿಗೆ ನನ್ನದು. ಒಂದು ವರ್ಷ ತುಂಬಿದ್ರೆ ಕೆಲಸ ಬಿಡಿಸುವಾಗ ಇಡಿಗಂಟು ಕೊಡ್ಬೇಕಾಗುತ್ತೆ ಅಂತ ಹನ್ನೊಂದೇ. ನಮ್ಮಂಥವರ ಹೆಸರು ಗೋಡೆಗೆ ಹಾಕಲ್ಲ. ಕೆಳಗಿನ ಕಿಟಕಿಯವರಿಗೆ ನಾವು ಗೊತ್ತೂ ಇರಲ್ಲ," ಎಂದಳು. ಕಾಗದದ ಕೊನೆಯ ಸಾಲಿಗೆ ಬೆರಳಿಟ್ಟಳು. "ಕೆಳಗಿರೋದು ನಮ್ಮ ಮೇಲಧಿಕಾರಿ ನಂಬರ್. ಫೋನು ಮಾಡಿ."

ಅಕ್ಕ ಮಾಡಿಯೇಬಿಟ್ಟಳು. ಆ ಕಡೆಯ ಹೆಂಗಸು ಹೌದು, ನಮ್ಮವಳೇ ಎಂದದ್ದು ಎಲ್ಲರಿಗೂ ಕೇಳಿಸಿತು. ಅಕ್ಕ ಫೋನು ಇಟ್ಟು ನಿಂತೇ ಇದ್ದಳು, ಕೂರಲು ತೋಚದವಳಂತೆ.

ಆಗ ಹಿಂದಿನ ಸಾಲಿನಿಂದ ಬೊಂಗ್‌ನಿಮ್ ಅಕ್ಕ ಮಾತಾಡಿದಳು. ಐದು ವರ್ಷದಲ್ಲಿ ಜೊಮ್‌ಸುನ್ ಅಕ್ಕನಿಗೆ ನೇರವಾಗಿ ಹೇಳಿದ ಮೊದಲ ಮಾತು.

"ಈ ಫೋನು ಅವತ್ತು ಮಾಡ್ಬೇಕಿತ್ತು ಕಣೇ."

ಬೊಂಗ್‌ನಿಮ್ ಅಕ್ಕ ತನ್ನ ಬಲಗೈಯಿಂದ ಎಡಗೈಯನ್ನು ಎತ್ತಿ ಮೇಜಿನ ಮೇಲಿಟ್ಟುಕೊಂಡು ಹ್ಯೊಂಜು ಕಡೆ ತಿರುಗಿದಳು. "ಮೇಡಂ, ನೀವು ಮುಂದುವರಿಸಿ. ಬಿ.ಪಿ. ಇದ್ದೋರು ಏನು ತಿನ್ಬೇಕು? ಮಾತ್ರೆ ಬಿಡಬಹುದಾ?"

"ಬಿಡಲೇಬಾರದು," ಎಂದಳು ಹ್ಯೊಂಜು ತಟ್ಟನೆ. "ಊಟ ಬದಲಾಯಿಸಿದ್ರೂ ಮಾತ್ರೆ ವಿಷಯ ಡಾಕ್ಟರೇ ಹೇಳ್ಬೇಕು. ನಾನೂ ಹೇಳೋ ಹಾಗಿಲ್ಲ."

ಜೊಮ್‌ಸುನ್ ಅಕ್ಕ ಮೆಲ್ಲಗೆ ಕೂತಳು. ಮಾತ್ರೆ ಬಿಡಬೇಡ ಎಂದವಳು ಪುಡಿ ಮಾರಲಾರಳು ಎಂದು ಅವಳಿಗೆ ಹೊಳೆದದ್ದು ಆ ಗಳಿಗೆಯಲ್ಲೇ ಇರಬೇಕು. ಕ್ಷಮೆ ಕೇಳುವ ಅಭ್ಯಾಸ ಅವಳಿಗಿಲ್ಲ. ಮರುವಾರ ಒಂದು ಪೊಟ್ಟಣ ಒಳ್ಳೆಯ ಒಣಮೀನು ತಂದು ಮೇಜಿನ ಮೇಲಿಟ್ಟಳು. ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲ ಎಂದು ಹ್ಯೊಂಜು ತಿರುಗಿ ಕೊಟ್ಟಾಗ ಅಕ್ಕನಿಗೆ ಬಂದ ಸಿಟ್ಟಿನಲ್ಲಿ ಅರ್ಧ ಸಂತೋಷವೇ ಇತ್ತು.

ಆ ವಾರದಿಂದ ಪುಸ್ತಕದಲ್ಲಿ ನಿಜ ಬಂತು. ಏಳು ಕಾಫಿಯೂ ಬಂತು. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದುವುದನ್ನು ಹ್ಯೊಂಜು ಹೇಳಿಕೊಟ್ಟ ಮೇಲಂತೂ ಅಕ್ಕನ ಸಂಶಯಕ್ಕೆ ಹೊಸ ಕೆಲಸ ಸಿಕ್ಕಿತು. ಮಾರ್ಕೆಟ್ಟಿನ ಒಂದೊಂದು ಡಬ್ಬ ಎತ್ತಿ, ಕನ್ನಡಕ ಏರಿಸಿ ಓದುವಳು. "ಹಣ್ಣಿನ ರಸ ಅಂತ ಬರ್ದಿದಾರೆ, ಮೂರನೇ ಸಾಲಲ್ಲಿ ಸಕ್ಕರೆ ಕೂತಿದೆ ನೋಡೇ, ಕಳ್ಳ!" ಏಳು ಕಾಫಿ ಒಂದಕ್ಕೆ ಇಳಿಯಿತು, ಉಳಿದ ಹೊತ್ತಿಗೆ ಹುರಿದ ಬಾರ್ಲಿ ನೀರು. ದೊಡ್ಡ ಬಟ್ಟಲು ಮೂಲೆಗೆ ಹೋಯಿತು. ಮಧ್ಯಾಹ್ನದ ಊಟವಾದ ಮೇಲೆ ದೋಣಿಗಳ ತನಕ ನಡೆದು ಬರುತ್ತಿದ್ದಳು.

ಮೊದಲು ಒಂದೂವರೆ ಕೆ.ಜಿ. ಇಳಿದು, ಆಮೇಲೆ ಮೂರು ವಾರ ಮುಳ್ಳು ಅಲುಗಲಿಲ್ಲ. "ಕೆಟ್ಟಿದೆ ಯಂತ್ರ," ಎಂದು ಅಕ್ಕಿ ಮೂಟೆ ಮತ್ತೆ ಬಂತು. ಯಂತ್ರ ಸರಿಯಾಗಿತ್ತು. ನನ್ನ ಟೇಪು ಮಾತ್ರ ಎರಡು ಸೆಂಟಿಮೀಟರ್ ಕಡಿಮೆ ತೋರಿಸಿತು. ದೇಹ ಹಾಗೇ, ನಿಂತು ನಿಂತು ಇಳಿಯುತ್ತದೆ, ಬಿಡಬೇಡಿ ಎಂದಳು ಹ್ಯೊಂಜು. ಗಂಡನ ತಿಥಿಯ ದಿನ ಅಕ್ಕ ಎಡೆಯ ಊಟ ಹೊಟ್ಟೆ ತುಂಬ ಉಂಡು, ಅದನ್ನೂ ಬರೆದಳು. "ಕರಿದ ಮೀನು ಆರು. ಅವರಿಗೆ ಇಷ್ಟ ಅಂತ ಮಾಡಿದ್ದು, ತಿನ್ನೋಕೆ ಅವರಿಲ್ಲ." ಹ್ಯೊಂಜು ಆ ಸಾಲಿನ ಪಕ್ಕ ಏನೂ ಬರೆಯಲಿಲ್ಲ.

ಹನ್ನೆರಡನೇ ಮಂಗಳವಾರಕ್ಕೆ ಅರವತ್ತೇಳೂ ಮುಕ್ಕಾಲು. ಸೊಂಟ ತೊಂಬತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳ ಪ್ಯಾಂಟಿನ ಪಟ್ಟಿ ಬಿಚ್ಚಿ ತೆಗೆದೆ.

ಈಗ ಅನುಮಾನಪಡುವ ಸರದಿ ಮಾರ್ಕೆಟ್ಟಿನದು. "ನಿಜ ಹೇಳಕ್ಕ, ಯಾವ ಮಾತ್ರೆ?" "ಏನೋ ಕಾಯಿಲೆ ಇರ್ಬೇಕು, ಮುಚ್ಚಿಡ್ತಿದಾಳೆ." ಸೊಪ್ಪು, ಮೊಟ್ಟೆ, ಸಣ್ಣ ಬಟ್ಟಲು ಎಂದರೆ ಯಾರೂ ನಂಬರು. ಒಂದು ದಿನ ಟೈ ಕಟ್ಟಿದವನೊಬ್ಬ ಬಂದು, ನಮ್ಮ ಕಂಪನಿಯ ಟೀ ಕುಡಿದು ಸಣ್ಣಗಾದೆ ಎಂದು ಫೋಟೊಗೆ ನಿಲ್ಲಿ, ದಪ್ಪಗಿದ್ದಾಗಿನ ಫೋಟೊ ಒಂದಿದ್ದರೆ ಸಾಕು ಅಮ್ಮಾ ಎಂದ. ಅಕ್ಕ ಪಕ್ಕದ ಅಂಗಡಿಯ ಕಲ್ಲುಪ್ಪಿನ ಮೂಟೆಗೆ ಕೈ ಹಾಕಿ, ಪೀಡೆ ಓಡಿಸುವ ಹಾಗೆ ಅವನ ಬೂಟಿನ ಮೇಲೆ ಎರಡು ಹಿಡಿ ಎಸೆದಳು.

ತನ್ನ ಸೀಗಡಿ ಡಬ್ಬಗಳ ಹಿಂದಿನಿಂದ ಬೊಂಗ್‌ನಿಮ್ ಅಕ್ಕ ಇದನ್ನೆಲ್ಲ ನೋಡುತ್ತಿದ್ದಳು.

ಮಾರನೇ ದಿನ ಮಧ್ಯಾಹ್ನ ಅವಳು ತನ್ನ ಊಟದ ಡಬ್ಬಿ ಹಿಡಿದು ಬಂದು ಒಣಮೀನಿನ ಪೆಟ್ಟಿಗೆಯ ಮೇಲೆ ಕೂತಳು. ಜೊಮ್‌ಸುನ್ ಅಕ್ಕ ಅವಸರದಲ್ಲಿ ಮೀನಿನ ಮುಳ್ಳು ಬಿಡಿಸಿ ಅವಳ ಕಡೆ ಸರಿಸಿದಳು. ಬೊಂಗ್‌ನಿಮ್ ಅಕ್ಕ ಸಾರಿನ ಬಟ್ಟಲಿಗೆ ಚಮಚ ಅದ್ದಿ ಬಾಯಿಗಿಟ್ಟು ಮುಖ ಕಿವುಚಿದಳು.

"ಥೂ, ಸಪ್ಪೆ."

"ನಿನಗೆ ಉಪ್ಪು ಕಮ್ಮಿ ಇರ್ಬೇಕು ಅಂತ ಆ ಹುಡುಗಿ ಹೇಳಿದಾಳೆ."

"ನೀನು ಹೇಳಿದ್ರೆ ನಂಬ್ತಿರಲಿಲ್ಲ," ಎಂದು ಬೊಂಗ್‌ನಿಮ್ ಅಕ್ಕ ಮತ್ತೊಂದು ಚಮಚ ತೆಗೆದುಕೊಂಡಳು.