ಕಿವಿಯಣ್ಣ ಬ್ರೇಕ್ ಪ್ಯಾಡ್ ಆರಿಸಿದ್ದು

ಅವನ ಹೆಸರು ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಡ್ರೈವರುಗಳ ನಡುವೆ ಅವನು ಕಿವಿಯಣ್ಣ. ಗಾಡಿಯೊಂದು ಪಕ್ಕದಲ್ಲಿ ಹಾದುಹೋದರೆ ಸಾಕು, ಬೇರಿಂಗ್ ಹೋಗಿದೆ, ಬೆಲ್ಟ್ ಸಡಿಲವಾಗಿದೆ, ಸೈಲೆನ್ಸರ್ ಸೀಳಿದೆ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ತಪ್ಪಿದ್ದು ಕಡಿಮೆ. ಹದಿನಾರು ವರ್ಷ ಲಾರಿಯ ಎಂಜಿನ್ನನ್ನು ಮಗ್ಗುಲಲ್ಲೇ ಇಟ್ಟುಕೊಂಡು ಬದುಕಿದವನಿಗೆ ಒಲಿದ ವಿದ್ಯೆ ಅದು. ಆಮೇಲಿನ ಹನ್ನೊಂದು ವರ್ಷ ಅವನು ಒಬ್ಬ ವಕೀಲೆಯ ದುಬಾರಿ ಎಸ್‌ಯುವಿ ಓಡಿಸಿಕೊಂಡಿದ್ದ. ವಕೀಲೆಗೆ ಗಾಡಿಯ ವಿಷಯದಲ್ಲಿ ತಲೆಬುಡ ತಿಳಿಯದು. ಏನು ಕೆಟ್ಟರೂ "ನೀವೇ ನೋಡಿ ಮಾಡಿಸಿ" ಎನ್ನುವರು. ಆ ಮಾತು ಕೇಳಿದ ದಿನ ಕಿವಿಯಣ್ಣ ಎರಡಿಂಚು ಎತ್ತರವಾಗಿ ಮನೆಗೆ ಹೋಗುತ್ತಿದ್ದ.

ಒಂದು ಸೋಮವಾರ ಬೆಳಿಗ್ಗೆ ಹಿಂದಿನ ಸೀಟಿನಿಂದ ವಕೀಲೆ ಜೋರಾಗಿಯೇ ಕೇಳಿದರು. "ಬ್ರೇಕ್ ಹಾಕಿದಾಗಲೆಲ್ಲ ಏನೋ ಕಿರುಚ್ತಿದೆಯಲ್ಲ, ಸೂಜಿ ಚುಚ್ಚಿದ ಹಾಗೆ. ಗಮನಿಸಿದ್ರಾ?"

ಕಿವಿಯಣ್ಣನಿಗೆ ಎಂಜಿನ್ನಿನ ಗುಂಯ್‌ಗುಟ್ಟುವಿಕೆ ಕೇಳಿಸಿತ್ತು, ಟೈರಿನ ಸದ್ದು ಕೇಳಿಸಿತ್ತು, ಪಕ್ಕದ ಬಸ್ಸಿನ ಗೊರಗೊರವೂ ಕೇಳಿಸಿತ್ತು. ಕಿರುಚಾಟ ಮಾತ್ರ ಕೇಳಿಸಿರಲಿಲ್ಲ. ಆದರೆ ಕಿವಿಯಣ್ಣ ಎನಿಸಿಕೊಂಡವನು ಕೇಳಿಸಲಿಲ್ಲ ಎನ್ನುವುದುಂಟೇ? "ಹೌದು ಮೇಡಂ, ನಾನೂ ನೋಡ್ತಾ ಇದೀನಿ. ಪ್ಯಾಡ್ ಸವೆದಿರ್ಬೇಕು," ಎಂದುಬಿಟ್ಟ.

"ಹಾಗಾದ್ರೆ ಶುಕ್ರವಾರದೊಳಗೆ ನೀವೇ ನೋಡಿ ಹಾಕಿಸಿ. ಶನಿವಾರ ಅಮ್ಮನ್ನ ಕರ್ಕೊಂಡು ಬೆಟ್ಟ ಇಳೀಬೇಕು."

ಅವರನ್ನು ಕೋರ್ಟಿಗೆ ಬಿಟ್ಟು, ಕಿಟಕಿಗಳನ್ನೆಲ್ಲ ಇಳಿಸಿ, ಖಾಲಿ ರಸ್ತೆಯಲ್ಲಿ ಇಪ್ಪತ್ತು ಸಲ ಬ್ರೇಕ್ ಹಾಕಿ ನೋಡಿದ. ಸದ್ದಿಲ್ಲ. ಮೇಡಂಗೆ ಏನೋ ಭ್ರಮೆ ಎಂದುಕೊಂಡು ಕೋರ್ಟಿನ ಗೇಟಿಗೆ ವಾಪಸು ಬಂದರೆ, ಕಾವಲಿನವನು ಎರಡು ಕಿವಿಗೂ ಬೆರಳಿಟ್ಟುಕೊಂಡು ನಗುತ್ತಿದ್ದ. ಕಿವಿಯಣ್ಣನೂ ನಕ್ಕ. ಯಾಕೆ ನಕ್ಕೆ ಎಂದು ಅವನಿಗೇ ಗೊತ್ತಾಗಲಿಲ್ಲ.

ಮಂಗಳವಾರ ಬಿಡಿಭಾಗದ ಅಂಗಡಿಗೆ ಹೋದ. ಅಂಗಡಿಯವನು ಹಳೆಯ ಪರಿಚಯ, ಮಾತಿನ ಮಲ್ಲ. ಕೌಂಟರಿನ ಮೇಲೆ ಡಬ್ಬಿಗಳನ್ನು ಸಾಲಾಗಿ ಇಟ್ಟ. ಸೆರಾಮಿಕ್ ಪ್ಯಾಡಂತೆ, ಧೂಳು ಕಡಿಮೆ. ಲೋಹ ಬೆರೆಸಿದ ಪ್ಯಾಡಂತೆ, ಹಿಡಿತ ಜಾಸ್ತಿ. ಕಂಪನಿಯದೇ ಪ್ಯಾಡಂತೆ, ಅದಕ್ಕೊಂದು ವೈರು. ಪ್ಯಾಡು ಒತ್ತಿ ಹಿಡಿಯುವ ಚಕ್ರದ ತಟ್ಟೆಗೆ ಇವನ ಬಾಯಲ್ಲಿ ಡಿಸ್ಕ್, ಡಬ್ಬಿಯ ಮೇಲೆ ರೋಟರ್. ಅದರಲ್ಲೂ ನುಣುಪಿನದು, ಗೀರು ಹಾಕಿದ್ದು, ತೂತು ಕೊರೆದದ್ದು. ಸಾಲದ್ದಕ್ಕೆ ಒಂದೇ ಮಾಡೆಲ್ಲಿಗೆ ಎರಡು ಅಳತೆಯ ಡಿಸ್ಕ್, ಚಾಸಿ ನಂಬರ್ ನೋಡಿಯೇ ಹೇಳಬೇಕಂತೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಲಾರಿಯ ಕಾಲದಲ್ಲಿ ಲೈನರ್ ಕೊಡಿ ಎಂದರೆ ಲೈನರ್ ಕೊಡುತ್ತಿದ್ದರು, ಅಷ್ಟೆ.

"ಅದಿರ್ಲಿ, ಸದ್ದು ಎಂಥದು ಹೇಳಿ. ಚೂಪಾ, ಕರಕರನಾ?" ಎಂದ ಅಂಗಡಿಯವನು.

"ಚೂಪು. ಅಂದ್ರೆ, ಒಂಥರಾ."

"ಬೆಳಿಗ್ಗೆ ಮೊದಲನೇ ಬ್ರೇಕಿಗಾ, ಬಿಸಿ ಆದ್ಮೇಲಾ?"

"ಎರಡಕ್ಕೂ ಬರುತ್ತೆ. ಕೆಲವು ಸಲ ಬರಲ್ಲ."

"ಮುಂದಿನ ಗಾಲೀಲಾ, ಹಿಂದಿನದ್ರಲ್ಲಾ?"

"ಮುಂದೆ ಅನ್ಸುತ್ತೆ."

ಅಂಗಡಿಯವನು ಕನ್ನಡಕ ತೆಗೆದು ಇವನನ್ನು ನೋಡಿದ. "ಕಿವಿಯಣ್ಣಾ, ಅನ್ಸುತ್ತೆ ಅನ್ನೋ ಮಾತು ನಿಮ್ಮ ಬಾಯಲ್ಲಿ ಇವತ್ತೇ ಕೇಳಿದ್ದು. ಹೀಗೆ ಅಡ್ಡಗೋಡೆ ಮೇಲೆ ದೀಪ ಇಟ್ರೆ ನಾನು ಏನು ಕೊಡ್ಲಿ? ಸರಿಯಾಗಿ ಕೇಳಿ, ಗಾಲಿ ಬಿಚ್ಚಿ ನೋಡ್ಕೊಂಡು ಬನ್ನಿ."

ಕೇಳಿಸಿಕೊಂಡು ಬರಬೇಕಂತೆ. ಯಾರ ಕಿವಿಯಲ್ಲಿ? ಬುಧವಾರ ಮಧ್ಯಾಹ್ನ ಅವನು ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಗೋದಾಮುಗಳ ಹಿಂದಿನ ಬಯಲಿಗೆ ಹೋದ. ಹನ್ನೊಂದು ವರ್ಷದಲ್ಲಿ ಅವಳು ಈ ಗಾಡಿ ಹತ್ತಿದ್ದು ಅದೇ ಮೊದಲು. ಸೀಟಿನ ಮೇಲೆ ಕೈಯಾಡಿಸುತ್ತಾ, ನೆಂಟರ ಮನೆಗೆ ಬಂದವಳಂತೆ ಮುದುರಿ ಕೂತಿದ್ದಳು.

"ನಾನು ಬ್ರೇಕ್ ಹಾಕ್ತೀನಿ. ಸದ್ದು ಬಂದ ಕೂಡ್ಲೇ ಕೈ ಎತ್ತು," ಎಂದ.

ಮೊದಲನೇ ಬ್ರೇಕಿಗೆ ಅವಳ ಕೈ ಮೇಲೆ ಹೋಯಿತು. ಎರಡನೆಯದಕ್ಕೂ ಹೋಯಿತು. ಮೂರನೆಯದಕ್ಕೆ ಅವಳು ಕೈ ಎತ್ತಲಿಲ್ಲ, ಮುಖ ಕಿವಿಚಿಕೊಂಡು ಕಿವಿ ಮುಚ್ಚಿಕೊಂಡಳು. ಕಿವಿಯಣ್ಣ ಗಾಡಿ ನಿಲ್ಲಿಸಿದ.

"ರೀ, ನಿಮಗೆ ಇದು ಕೇಳಿಸ್ತಿಲ್ವಾ?"

ಅವನು ಎಂಜಿನ್ ಬಂದ್ ಮಾಡಿದ.

"ನಾನು ಒಂದೂವರೆ ವರ್ಷದಿಂದ ಹೇಳ್ತಾ ಇದೀನಿ, ಕುಕ್ಕರ್ ಕೂಗಿದ್ರೂ ನೋಡಲ್ಲ ಅಂತ. ನೀವು ಬೇಕಂತ್ಲೇ ಸುಮ್ಮನಿರ್ತೀರಿ ಅಂದ್ಕೊಂಡು ಎಷ್ಟು ಬೈದಿದೀನಿ."

ಅವನು ಅಂದುಕೊಂಡಿದ್ದೇ ಬೇರೆ. ಹೆಂಡತಿಗೆ ವಯಸ್ಸಾದ ಹಾಗೆ ಗಂಟಲು ದೊಡ್ಡದಾಗಿದೆ, ಫೋನಿನಲ್ಲಿ ಮಗಳು ಮಾತು ನುಂಗುತ್ತಾಳೆ, ಈಗಿನವರಿಗೆ ಬಾಯಿ ಬಿಟ್ಟು ಮಾತಾಡಲು ಸೋಮಾರಿತನ. ಊರೆಲ್ಲ ಕೆಟ್ಟಿದೆ, ತನ್ನ ಕಿವಿ ಮಾತ್ರ ನೆಟ್ಟಗಿದೆ ಎಂದು ಇಷ್ಟು ದಿನ ತೀರ್ಪು ಕೊಟ್ಟಿದ್ದನಲ್ಲ. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ದಪ್ಪ ಸದ್ದು ಕೇಳುತ್ತದೆ, ಚೂಪು ಸದ್ದು ಇಲ್ಲ. ಹಾಗಾದರೆ ಇದಕ್ಕೆ ಕಿವುಡು ಎನ್ನಬೇಕೋ, ಏನನ್ನಬೇಕೋ?

"ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ಕೆಲಸ ಹೋಗುತ್ತೆ," ಎಂದ.

ಅಲ್ಲೇ ಜ್ಯಾಕ್ ಕೊಟ್ಟು ಮುಂದಿನ ಗಾಲಿ ಬಿಚ್ಚಿದ. ಪ್ಯಾಡ್ ಸವೆದು ಬೆನ್ನಿನ ಕಬ್ಬಿಣಕ್ಕೆ ಹತ್ತಿರವಾಗಿತ್ತು. ಸವೆದಾಗ ಕಿರುಚಲೆಂದೇ ಇಟ್ಟ ತಗಡಿನ ನಾಲಿಗೆ ಡಿಸ್ಕಿಗೆ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಡಿಸ್ಕಿನ ಅಂಚಿಗೆ ಬೆರಳಿಟ್ಟರೆ ತಟ್ಟೆಯ ಕಂಠದಷ್ಟು ಏಣು. ಒಳಗೆ ಒಂದು ತುಂಡು ವೈರು, ಎರಡು ತುದಿ ಸೇರಿಸಿ ಟೇಪು ಸುತ್ತಿದ್ದು. ಅದನ್ನು ಅವನು ಕೂಡಲೇ ಗುರುತಿಸಿದ. ಪ್ಯಾಡ್ ಮುಗಿದಾಗ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಸುವ ವೈರು ಅದು. ಕಳೆದ ಸಲ ಗ್ಯಾರೇಜಿನವನು ಹೊಸದು ಹಾಕಲೇ ಎಂದು ಕೇಳಿದಾಗ, "ಬಿಡಪ್ಪಾ, ದೀಪ ಯಾಕೆ, ನನ್ನ ಕಿವಿ ಇದೆಯಲ್ಲ" ಎಂದು ಟೇಪು ಸುತ್ತಿಸಿದವನು ಇವನೇ. ಅಹಂಕಾರಕ್ಕೆ ಉದಾಸೀನವೇ ಮದ್ದು ಎನ್ನುತ್ತಾರೆ. ಇವನಿಗೆ ಗಾಲಿ ಬಿಚ್ಚುವುದೇ ಮದ್ದಾಯಿತು.

ಗುರುವಾರ ಅಂಗಡಿಯವನಿಗೆ ಚಾಸಿ ನಂಬರ್, ಅಳತೆ, ಸದ್ದಿನ ಬಗೆ ಎಲ್ಲವನ್ನೂ ಪಾಠ ಒಪ್ಪಿಸಿದಂತೆ ಹೇಳಿದ.

"ಹಾಗಾದ್ರೆ ಸೆರಾಮಿಕ್ ತಗೊಳ್ಳಿ. ತಗಡೂ ಇಲ್ಲ, ವೈರೂ ಇಲ್ಲ. ಸವೆದು ಹೋದ್ರೂ ಚಕಾರ ಎತ್ತಲ್ಲ. ಮೇಡಂ ಇನ್ನು ಸದ್ದು ಅನ್ನೋ ಮಾತೇ ಆಡಲ್ಲ," ಎಂದ ಅಂಗಡಿಯವನು.

ಕಿವಿಯಣ್ಣನ ಕೈ ಆ ಡಬ್ಬಿಯ ಮೇಲೇ ನಿಂತಿತು. ಸದ್ದೇ ಇಲ್ಲದಿದ್ದರೆ, ಕೇಳಿಸಿತೇ ಎಂದು ಕೇಳುವವರೂ ಇಲ್ಲ. ಕೆಲಸ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಆದರೆ ಕಿರುಚದ ಪ್ಯಾಡು, ಕೇಳದ ಕಿವಿ, ಹೊತ್ತದ ದೀಪ ಮೂರೂ ಒಟ್ಟಾದರೆ ಮುದುಕಿಯನ್ನು ಕೂರಿಸಿಕೊಂಡು ಬೆಟ್ಟ ಇಳಿಯುವಾಗ ಗತಿ ಏನು? ಡಬ್ಬಿ ಎತ್ತಿದ, ಇಟ್ಟ, ಮತ್ತೆ ಎತ್ತಿದ. ಅಂಗಡಿಯವನು ಆಕಳಿಸಿದ.

"ಕಂಪನಿಯದೇ ಕೊಡಿ. ವೈರು ಇರೋದು. ಡಿಸ್ಕ್ ನುಣುಪಿನದೇ ಸಾಕು."

ಶುಕ್ರವಾರ ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಎಲ್ಲ ಹಾಕಿಸಿದ. ಸಂಜೆ ಕೋರ್ಟಿನಿಂದ ವಕೀಲೆಯನ್ನು ಕರೆತರುವಾಗ ಗಾಡಿ ಹದವಾಗಿ ನಿಲ್ಲುತ್ತಿತ್ತು. ಇನ್ನು ಬ್ರೇಕ್ ಸವೆದರೆ ದೀಪ ಹೇಳುತ್ತದೆ, ಕಿವಿಯ ಹಂಗಿಲ್ಲ. ಗುಟ್ಟು ಗುಟ್ಟಾಗಿಯೇ ಉಳಿಯಿತು ಎಂದು ಅವನು ನಿಟ್ಟುಸಿರು ಬಿಟ್ಟ.

ಆಗ ಕನ್ನಡಿಯಲ್ಲಿ ವಕೀಲೆಯ ತುಟಿಗಳು ಆಡಿದ್ದು ಕಂಡಿತು. ಏನೋ ಹೇಳಿದರು. "ಹೂಂ ಮೇಡಂ" ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂತು. ಇಂಥ ಎಷ್ಟು ಹೂಂ ಅಂದಿದ್ದೇನೆ, ಯಾವ ಯಾವ ಮಾತಿಗೆ ಅಂದಿದ್ದೇನೆ ಎಂದು ಲೆಕ್ಕ ಹಾಕಲು ಹೋಗಿ, ಆ ಮಾತನ್ನು ನುಂಗಿಕೊಂಡ. ನಾಳೆ ಬೆಟ್ಟದ ತಿರುವುಗಳಲ್ಲಿ ಎದುರಿನಿಂದ ಸ್ಕೂಟರಿನ ಸಣ್ಣ ಹಾರ್ನ್ ಬಂದರೆ, ಅದಕ್ಕೆ ಯಾವ ದೀಪ ಹೊತ್ತುತ್ತದೆ?

ಅವನು ಗಾಡಿಯನ್ನು ಬದಿಗೆ ಹಾಕಿ ನಿಲ್ಲಿಸಿ, ಹಿಂದಕ್ಕೆ ತಿರುಗಿ ಕೂತ.

"ಮೇಡಂ, ನೀವು ಹೇಳಿದ್ದು ಕೇಳಿಸ್ಲಿಲ್ಲ. ಸೋಮವಾರ ಬ್ರೇಕಿನ ಸದ್ದೂ ಕೇಳಿಸಿರ್ಲಿಲ್ಲ. ಸುಳ್ಳು ಹೇಳಿದೆ. ಚೂಪಾದ ಸಣ್ಣ ಸದ್ದು ಯಾವುದೂ ನನಗೆ ಕೇಳಿಸಲ್ಲ."

ವಕೀಲೆ ಮುಂದಕ್ಕೆ ಬಾಗಿದರು. "ಯಾವಾಗಿಂದ?"

"ಗೊತ್ತಿಲ್ಲ ಮೇಡಂ. ಕೇಳಿಸೋದು ನಿಂತಿದ್ದು ಹೇಗೆ ಗೊತ್ತಾಗುತ್ತೆ?"

ಅವರು ಇಳಿದು ಬಂದು ಮುಂದಿನ ಬಾಗಿಲು ತೆಗೆದರು. ಈ ಸಲ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. "ಇಳೀರಿ. ಲೈಸೆನ್ಸ್ ನನಗೂ ಇದೆ. ನಾಳೆ ಬೆಟ್ಟಕ್ಕೆ ಟ್ಯಾಕ್ಸಿ ಹೇಳ್ತೀನಿ. ನೀವು ಸೋಮವಾರ ಕಿವಿ ಡಾಕ್ಟರಿಗೆ ತೋರಿಸ್ಕೊಳ್ಳಿ. ಅವರು ಏನು ಬರ್ಕೊಡ್ತಾರೋ ನೋಡಿ ಮುಂದಿನದು. ಈಗ ನಾನು ಏನೂ ಹೇಳಲಾರೆ."

ಕಿವಿಯಣ್ಣ ಇಳಿದು ಹಿಂದಿನ ಸೀಟಿನಲ್ಲಿ ಕೂತ. ಕೈಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಮೇಡಂ, ಆಗ ಏನು ಹೇಳಿದ್ರಿ?" ಎಂದು ಕೇಳಿದ.

ವಕೀಲೆ ಸೀಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ತಿರುಗಿ, ದನಿ ಎತ್ತರಿಸಿ ಹೇಳಿದರು. "ಚೆನ್ನಾಗಿ ಆರಿಸಿದೀರಿ, ಸದ್ದು ಪೂರ್ತಿ ನಿಂತಿದೆ ಅಂದೆ."

ಗಾಡಿ ಹೊರಟಿತು. ಮೊದಲನೇ ಸಿಗ್ನಲ್ಲಿಗೆ ವಕೀಲೆ ಬ್ರೇಕ್ ಒತ್ತಿದರು, ನಿಂತಿತು. ಸದ್ದು ಬಂತೋ ಇಲ್ಲವೋ ಎಂದು ಅವನು ಕನ್ನಡಿಯಲ್ಲಿ ಅವರ ಮುಖವನ್ನೇ ನೋಡುತ್ತಾ ಕೂತ.