ಮೇಷ್ಟ್ರು ತೀರಿಹೋದ ಹನ್ನೊಂದನೆಯ ದಿನದ ಬರಹ

೨೦೧೮ರಲ್ಲಿ ನಾನು ಸರ್ಕಾರಿ ಪ್ರಯೋಗಾಲಯದ ದಾಖಲೆ ಪರೀಕ್ಷಾ ವಿಭಾಗದಿಂದ ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಬಸವೇಶ್ವರನಗರದ ನಮ್ಮ ಮನೆಯ ಮುಂದಿನ ಕೋಣೆಯನ್ನೇ ಕಚೇರಿ ಮಾಡಿಕೊಂಡು ಖಾಸಗಿಯಾಗಿ ಕೈಬರಹ ಪರೀಕ್ಷೆ ಮಾಡುತ್ತಿದ್ದೆ. ಸಹಿ ನನ್ನದಲ್ಲ ಎನ್ನುವವರು, ಪತ್ರ ಅಪ್ಪ ಬರೆದದ್ದಲ್ಲ ಎನ್ನುವವರು ಬರುತ್ತಿದ್ದರು. ಮೂವತ್ತೊಂದು ವರ್ಷದ ಸರ್ವಿಸ್‌ನಲ್ಲಿ ಕೋರ್ಟು ನನ್ನ ಅಭಿಪ್ರಾಯವನ್ನು ತಳ್ಳಿಹಾಕಿದ್ದು ಎರಡೇ ಸಲ. ಆ ಎರಡು ತೀರ್ಪುಗಳನ್ನೂ ನಾನು ಇವತ್ತಿಗೂ ಒಪ್ಪಿಲ್ಲ. ನಾನು ಇಷ್ಟು ಜಂಬದವಳು ಎಂದು ಮೊದಲೇ ಹೇಳಿಬಿಡುವುದು ವಾಸಿ.

ಆ ವರ್ಷದ ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ಅಣ್ಣ ತಂಗಿ ಇಬ್ಬರು ಬಂದರು. ಅಣ್ಣ ಸಂಪತ್, ರಾಜರಾಜೇಶ್ವರಿನಗರದ ಫ್ಲ್ಯಾಟ್‌ನಲ್ಲಿರುವವನು. ತಂಗಿ ಪ್ರಿಸಿಲ್ಲ, ರಾಜಾಜಿನಗರದ ಶಾಲೆಯೊಂದರಲ್ಲಿ ಟೀಚರ್. ಇಬ್ಬರೂ ಒಂದೇ ಸೋಫಾದ ಎರಡು ತುದಿಯಲ್ಲಿ ಕೂತರು. ನಡುವೆ ಒಂದು ಉದ್ದನೆಯ ರೂಲ್ಡ್ ನೋಟ್‌ಬುಕ್.

ಅದು ಅವರ ತಂದೆ ಸತ್ಯಮಿತ್ರ ಮೇಷ್ಟ್ರದು. ಕುರುಬರಹಳ್ಳಿಯಲ್ಲಿ ಮನೆ, ಸ್ಕೂಲಿನಲ್ಲಿ ಕನ್ನಡ ಪಾಠ, ಭಾನುವಾರ ತಮ್ಮ ಪ್ರಾಟೆಸ್ಟೆಂಟ್ ಸಭೆಯ ಕಾರ್ಯದರ್ಶಿ ಕೆಲಸ. ಅಕ್ಷರ ಎಂದರೆ ಸತ್ಯಮಿತ್ರ ಮೇಷ್ಟ್ರದು ಎಂದು ಸಭೆಯಲ್ಲೆಲ್ಲ ಹೆಸರು. ಆರು ವರ್ಷದ ಹಿಂದೆ ಪ್ರಿಸಿಲ್ಲ, ಜನ ಮಾರ್ಮನ್ ಎಂದು ಕರೆಯುವ ಸಭೆಗೆ ಸೇರಿದಳು. ಅವರಿಗೂ ಬೈಬಲ್ ಉಂಟು, ಅದರ ಜೊತೆಗೆ ಇನ್ನೊಂದು ಗ್ರಂಥವೂ ಉಂಟು. ಆ ಇನ್ನೊಂದನ್ನು ಬಿಡುವ ತನಕ ಹೊಸಿಲು ತುಳಿಯಬೇಡ ಎಂದರು ಮೇಷ್ಟ್ರು. ಅವಳು ಮತ್ತೆ ಹೊಸಿಲು ತುಳಿದದ್ದು ಜನವರಿಯಲ್ಲಿ, ಅವರ ಮಣ್ಣಿಗೆ.

ಮಗಳು ಹೋದ ಮೇಲೆ ಮೇಷ್ಟ್ರು ಈ ನೋಟ್‌ಬುಕ್ ಶುರುಮಾಡಿದ್ದರು. ಪ್ರತಿ ಪುಟದ ನಡುವೆ ಒಂದು ಗೆರೆ. ಎಡಗಡೆ ಬೈಬಲ್ಲಿನ ಹೊಸ ಒಡಂಬಡಿಕೆ, ಬಲಗಡೆ ಮಾರ್ಮನ್ನರ ಗ್ರಂಥ. ಯಾವುದು ಎಷ್ಟು ನಂಬಲರ್ಹ ಎಂದು ಕಲಂ ಕಲಮಾಗಿ ತೂಗಿದ್ದಾರೆ. ಪ್ರತಿ ಬರಹದ ಮೇಲೆ ತಾರೀಖು. ಒಟ್ಟು ಅರವತ್ತಮೂರು ಪುಟ. ಕೊನೆಯ ಪುಟದಲ್ಲಿ ಎರಡೇ ಸಾಲು: "ತೂಗಿ ನೋಡಿದ್ದಾಯಿತು, ಎಡಗಡೆಯ ತಟ್ಟೆಯೇ ಭಾರ. ಆದರೂ ಪ್ರಿಸ್ಸಿಯನ್ನು ಮನೆಗೆ ಕರೆಯಬೇಕು."

ಆ ಸಾಲುಗಳ ಮೇಲಿನ ತಾರೀಖು ಮೇಷ್ಟ್ರು ತೀರಿಹೋದ ಹನ್ನೊಂದನೆಯ ದಿನದ್ದು.

"ಮಣ್ಣಾದ್ಮೇಲೆ ಎರಡು ವಾರ ಇವಳು ಆ ಮನೇಲೇ ಇದ್ಲು ಮೇಡಂ," ಎಂದ ಸಂಪತ್. "ಇವಳೇ ಬರೆದಿರೋದು. ಹಂಗಂತ ಗೊತ್ತಾದ್ರೆ ಇವಳು ಇನ್ಮೇಲೆ ಆ ಮನೆ ಕಡೆ ತಲೆ ಹಾಕಬಾರ್ದು, ಅಷ್ಟೇ."

ಪ್ರಿಸಿಲ್ಲ ನನ್ನನ್ನೇ ನೋಡಿ ಹೇಳಿದಳು: "ನಾನು ಬರೆದಿಲ್ಲ. ಅಪ್ಪ ನಿಜವಾಗ್ಲೂ ನನ್ನ ಕರೆದ್ರಾ ಅಂತ ನಂಗೆ ಗೊತ್ತಾಗ್ಬೇಕು ಮೇಡಂ. ನೀವು ಏನ್ ಹೇಳ್ತೀರೋ ಅದನ್ನ ಒಪ್ಕೋತೀನಿ."

ತಾಯಿ ಏನೆನ್ನುತ್ತಾರೆ ಎಂದು ಕೇಳಿದೆ. "ಅಮ್ಮಂಗೆ ಇದ್ಯಾವುದೂ ಹೇಳಿಲ್ಲ. ಮೊದಲೇ ನೊಂದಿದಾರೆ," ಎಂದರು ಇಬ್ಬರೂ. ಆ ಒಂದು ವಿಷಯದಲ್ಲಿ ಅವರಿಗೆ ಜಗಳವಿರಲಿಲ್ಲ.

ನಮ್ಮ ಕೆಲಸದ ಕ್ರಮ ಹೇಳುತ್ತೇನೆ. ಸಂಶಯವಿರುವ ಬರಹದ ಪಕ್ಕದಲ್ಲಿ, ಆ ವ್ಯಕ್ತಿಯದೇ ಎಂದು ಖಚಿತವಾಗಿರುವ ಬರಹ ಇಟ್ಟು ಹೋಲಿಸಬೇಕು. ಇದಕ್ಕೆ ಸ್ಟ್ಯಾಂಡರ್ಡ್ ಎನ್ನುತ್ತೇವೆ. ವಯಸ್ಸಾದಂತೆ ಕೈ ಬದಲಾಗುವುದರಿಂದ ಸ್ಟ್ಯಾಂಡರ್ಡ್‌ಗಳು ಆದಷ್ಟೂ ಅದೇ ಕಾಲದವಾಗಿರಬೇಕು. ಹಾಗಾಗಿ ಕಳೆದ ಹತ್ತು ವರ್ಷದವನ್ನಷ್ಟೇ ಕೇಳಿದೆ. ಸಭೆಯ ನಡಾವಳಿ ಪುಸ್ತಕದ ಪುಟಗಳು, ಸಂಪತ್‌ಗೆ ಬರೆದ ಕಾಗದಗಳು, ಪೆನ್ಷನ್ ಕಚೇರಿಗೆ ಕೊಟ್ಟ ಅರ್ಜಿಯ ನಕಲು, ಎಲ್ಲ ಸೇರಿ ಎಂಟು ಬಂದವು. ಪ್ರಿಸಿಲ್ಲಳ ಬರಹವನ್ನೂ ಎದುರಿಗೇ ಕೂರಿಸಿ ಬರೆಸಿಕೊಂಡೆ.

ಮೈಕ್ರೋಸ್ಕೋಪ್ ಕೆಳಗೆ ಕೊನೆಯ ಪುಟ ಇಟ್ಟೆ. ಬೇರೆಯವರ ಅಕ್ಷರ ನಕಲು ಮಾಡುವವನ ಕೈ ತಡವರಿಸುತ್ತದೆ. ಎಲ್ಲೆಂದರಲ್ಲಿ ಪೆನ್ನು ಎತ್ತುತ್ತಾನೆ, ತಿದ್ದುತ್ತಾನೆ, ಗೆರೆ ನಡುಗುತ್ತದೆ. ಇಲ್ಲಿ ಅಂಥದ್ದು ಒಂದೂ ಇಲ್ಲ. ಸರಾಗವಾಗಿ, ಅಭ್ಯಾಸದ ವೇಗದಲ್ಲಿ ಬರೆದ ಸಾಲು. ಎಂಟು ಸ್ಟ್ಯಾಂಡರ್ಡ್‌ಗಳ ಜೊತೆಗೂ ಒತ್ತಡ, ಓರೆ, ಅಕ್ಷರಗಳ ಅಂತರ ಎಲ್ಲ ಕೂಡಿಕೊಂಡವು. ಪ್ರಿಸಿಲ್ಲಳ ಕೈಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಹಾಗಾದರೆ ಸತ್ತು ಹನ್ನೊಂದು ದಿನವಾದ ಮನುಷ್ಯ ಬರೆದಿರಬೇಕು. ಹಗಲು ಹನ್ನೊಂದು ಗಂಟೆ, ಹೊರಗೆ ತರಕಾರಿ ಗಾಡಿಯವನು ಕೂಗುತ್ತಿದ್ದ, ಆದರೂ ಎದ್ದು ಕೋಣೆಯ ದೀಪ ಹಾಕಿದೆ.

ತಾರೀಖು ತಪ್ಪಾಗಿರಬೇಕು ಎಂದುಕೊಂಡು ನೋಟ್‌ಬುಕ್ಕನ್ನು ಮೊದಲಿನಿಂದ ಓದಿದೆ. ಎರಡೂ ಗ್ರಂಥಗಳ ಬಗ್ಗೆ ನನಗೆ ಗೊತ್ತಿದ್ದುದು ಸೊನ್ನೆ. ಮೇಷ್ಟ್ರು ಪಬ್ಲಿಕ್ ಪ್ರಾಸಿಕ್ಯೂಟರ್ ಥರ ಶುರುಮಾಡುತ್ತಾರೆ. ಬಲಗಡೆಯ ಗ್ರಂಥ ಬಂಗಾರದ ಹಲಗೆಗಳ ಮೇಲಿತ್ತಂತೆ, ಅವನ್ನು ದೇವದೂತ ವಾಪಸ್ ಒಯ್ದನಂತೆ, ಈಗ ತೋರಿಸುವವರಿಲ್ಲ. ಒಬ್ಬನೇ ಬಾಯಲ್ಲಿ ಹೇಳಿದ್ದು, ಇನ್ನೊಬ್ಬರು ಬರೆದುಕೊಂಡದ್ದು. ಹಲಗೆ ಕಂಡೆವು ಎಂದು ಹನ್ನೊಂದು ಮಂದಿಯ ಸಾಕ್ಷಿ. ಎಡಗಡೆಗೆ ಸಾವಿರಾರು ಹಳೆಯ ಪ್ರತಿಗಳಿವೆ, ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಕೈಗಳು ಬರೆದವು. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ಅಲ್ಲಿ ಹೇಳಿದ ಊರುಗಳು ನಕ್ಷೆಯಲ್ಲಿ ಸಿಗುತ್ತವೆ.

ನಲವತ್ತನೆಯ ಪುಟದ ಆಚೆ ದನಿ ಬದಲಾಗುತ್ತದೆ. "ಹಲಗೆ ತೋರಿಸಿ ಎಂದು ಕೇಳುತ್ತೇನೆ. ನಮ್ಮ ಮೂಲ ಪ್ರತಿ ತೋರಿಸಿ ಎಂದರೆ ನಾನೇನು ತೋರಿಸಲಿ? ಇರುವುದೆಲ್ಲ ನಕಲಿನ ನಕಲು." ಇನ್ನೊಂದು ಕಡೆ: "ಆ ಹನ್ನೊಂದು ಮಂದಿಯಲ್ಲಿ ಕೆಲವರು ಆಮೇಲೆ ಸಭೆ ಬಿಟ್ಟರೂ ಕಂಡೆವು ಎಂದ ಮಾತು ಬಿಡಲಿಲ್ಲವಂತೆ. ಇದನ್ನೂ ಬರೆಯಬೇಕು." ತನ್ನ ವಿರುದ್ಧದ ಸಾಕ್ಷ್ಯವನ್ನು ತಾನೇ ದಾಖಲು ಮಾಡುವ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು. ಬರಹ ಅವರದೇ, ನಕಲಿನ ಗುರುತಿಲ್ಲ, ತಾರೀಖು ಕೈತಪ್ಪಿನಿಂದ ಆಗಿರಬಹುದು ಎಂದು ರಿಪೋರ್ಟ್ ಬರೆದು ಸಹಿ ಹಾಕಿದೆ.

ಅದನ್ನು ಓದಿ ಪ್ರಿಸಿಲ್ಲ ಬಿಕ್ಕಿ ಬಿಕ್ಕಿ ಅತ್ತಳು. ಸಂಪತ್ ಒಪ್ಪಲಿಲ್ಲ. "ಅಪ್ಪ ಒಂದು ದಿನಾನೂ ತಾರೀಖು ತಪ್ಪು ಬರೆದವರಲ್ಲ. ಮನೆಗೆ ಬಂದು ಬೇರೆ ಕಾಗದಾನೂ ನೋಡಿ ಮೇಡಂ," ಎಂದ. ಹಟಕ್ಕೆ ಬಿದ್ದು ನಾನೂ ಅವರಿಬ್ಬರ ಜೊತೆ ಹೊರಟೆ.

ಕುರುಬರಹಳ್ಳಿಯ ಮನೆ ಸೇರಿದಾಗ ಮೂರೂವರೆ. ತಾಯಿ ರಾಹೇಲಮ್ಮ ಸಣ್ಣ ದೇಹದ, ಮೆತ್ತನೆಯ ಮಾತಿನ ಹೆಂಗಸು. ನಾನು ಯಾರೆಂದು ಮಕ್ಕಳು ಸರಿಯಾಗಿ ಹೇಳಲಿಲ್ಲ, ಅವರೂ ಕೇಳಲಿಲ್ಲ. ಕಾಫಿ ಮಾಡಲು ಹೋದರು. ನೀರು ಕೇಳುವ ನೆಪದಲ್ಲಿ ನಾನೂ ಅಡುಗೆಮನೆಗೆ ಹೋದೆ. ಗೋಡೆಯ ಮೇಲೆ ಆ ತಿಂಗಳಿನ ಕ್ಯಾಲೆಂಡರ್. ಹಿಂದಿನ ದಿನದ ಚೌಕದೊಳಗೆ "ಗ್ಯಾಸ್ ಬಂತು" ಎಂದು ಬರೆದಿತ್ತು.

ಆ ಅಕ್ಷರವನ್ನು ನಾನು ಮೂರು ವಾರ ಮೈಕ್ರೋಸ್ಕೋಪಿನಲ್ಲಿ ನೋಡಿದ್ದೆ. ಏಳು ತಿಂಗಳ ಹಿಂದೆ ಮಣ್ಣಾದ ಮೇಷ್ಟ್ರು ನಿನ್ನೆ ಗ್ಯಾಸ್ ಬಂದದ್ದನ್ನು ಬರೆದಿದ್ದರು. ನಾನು ದೆವ್ವ ಭೂತ ನಂಬುವವಳಲ್ಲ. ಆದರೂ ಗೋಡೆ ಹಿಡಿದುಕೊಂಡೆ.

"ಇದು ಯಾರು ಬರೆದದ್ದಮ್ಮಾ?" ಎಂದೆ.

"ನಾನೇ," ಎಂದರು ರಾಹೇಲಮ್ಮ, ಸೆರಗಿನಲ್ಲಿ ಹಾಲಿನ ಪಾತ್ರೆ ಹಿಡಿದು ಇಳಿಸುತ್ತಾ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಅವರಿಗೆ ಮದುವೆಯಾದ ಮೇಲೆ ಮೇಷ್ಟ್ರೇ ತಮ್ಮ ಅಕ್ಷರದ ಮೇಲೆ ತಿದ್ದಿಸಿ ಬರೆಯುವುದನ್ನು ಕಲಿಸಿದ್ದರು. ಹನ್ನೆರಡು ವರ್ಷದ ಹಿಂದೆ ಮೇಷ್ಟ್ರ ಕೈಗೆ ನಡುಕ ಬಂತು. ಅಷ್ಟು ಹೆಸರಾದ ಅಕ್ಷರ ಕೆಟ್ಟಿತೆಂದು ಸಭೆಗೆ, ಮಕ್ಕಳಿಗೆ ಗೊತ್ತಾಗುವುದು ಅವರಿಗೆ ಬೇಡವಿತ್ತು. ಅಂದಿನಿಂದ ಅವರು ಹೇಳುವುದು, ಇವರು ಬರೆಯುವುದು. ನಡಾವಳಿ, ಕಾಗದ, ಅರ್ಜಿ, ಅರವತ್ತಮೂರು ಪುಟ, ಎಲ್ಲವೂ ರಾಹೇಲಮ್ಮನ ಕೈ. ಅಮ್ಮ ಬರೆಯುವುದನ್ನು ಮಕ್ಕಳು ಗಮನಿಸಿದವರೇ ಅಲ್ಲ. ಎಂಟು ಸಾಕ್ಷಿಗಳು ಒಂದೇ ಮಾತು ಹೇಳುತ್ತಿವೆ ಎಂದು ನಾನು ಬೀಗಿದ್ದೆ. ಇದ್ದವಳು ಒಬ್ಬಳೇ ಸಾಕ್ಷಿ. ಹತ್ತು ವರ್ಷದೊಳಗಿನ ಬರಹವೇ ಬೇಕೆಂಬ ನಮ್ಮ ನಿಯಮ ಪಾಲಿಸಿ ನಾನೇ ಮೇಷ್ಟ್ರನ್ನು ಪೂರ್ತಿ ಹೊರಗಿಟ್ಟಿದ್ದೆ.

ಇನ್ನು ಮುಚ್ಚಿಡುವಂತಿರಲಿಲ್ಲ. ಪ್ರಿಸಿಲ್ಲ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ತಾಯಿಯ ಮುಂದೆ ಹಿಡಿದಳು.

"ಇದು ಅಪ್ಪ ಹೇಳಿದ್ದಾ ಅಮ್ಮ?"

ರಾಹೇಲಮ್ಮ ಹಾಲ್‌ನಲ್ಲಿದ್ದ ಬೆತ್ತದ ಕುರ್ಚಿಯ ಕಡೆ ನೋಡಿದರು. "ದಿನಾ ನಾಲ್ಕು ಗಂಟೆಗೆ ಬರೆಸ್ತಿದ್ರು ಕಣೇ. ಅವರು ಹೋದ್ಮೇಲೂ ನಾಲ್ಕು ಗಂಟೆಗೆ ಪುಸ್ತಕ ತಗೊಂಡು ಕುರ್ಚಿ ಪಕ್ಕ ಕೂತ್ಕೋತಿದ್ದೆ. ನೀನು ಮಲಗಿರ್ತಿದ್ದೆ. ಹತ್ತು ದಿನ ಏನೂ ಕೇಳಿಸ್ಲಿಲ್ಲ. ಹನ್ನೊಂದನೇ ದಿನ ಕೇಳಿಸ್ತು, ಬರೆದೆ."

ನಾಲ್ಕು ಗಂಟೆಗೆ ಐದು ನಿಮಿಷವಿತ್ತು. ಆ ಖಾಲಿ ಕುರ್ಚಿಯನ್ನು ನೋಡುವ ಧೈರ್ಯ ನನಗಾಗಲಿಲ್ಲ.

"ಹೋದವರು ಹೆಂಗಮ್ಮ ಹೇಳ್ತಾರೆ? ನೀನೇ ಅಂದ್ಕೊಂಡು ಬರೆದಿರ್ತೀಯ," ಎಂದ ಸಂಪತ್.

"ಇರಬಹುದು ಕಣೋ. ಇಷ್ಟು ವರ್ಷ ಅವರ ಮಾತೇ ಬರೆದೂ ಬರೆದೂ, ಯಾವುದು ಅವರದು ಯಾವುದು ನಂದು ಅಂತ ನಂಗೇ ತಿಳಿಯಲ್ಲ."

"ಹಂಗಾದ್ರೆ ಅಪ್ಪ ಕರೀಲಿಲ್ಲ," ಎಂದು ಪ್ರಿಸಿಲ್ಲ ನೋಟ್‌ಬುಕ್ ಮುಚ್ಚಿ ಬ್ಯಾಗ್ ಎತ್ತಿಕೊಂಡಳು. ಆ ಮುಖವನ್ನು ನಾನು ಮರೆಯಲಾರೆ. ಅವಳ ಕೈಗೆ ತಂದೆಯನ್ನು ಕೊಟ್ಟು ಮತ್ತೆ ಕಿತ್ತುಕೊಂಡದ್ದು ನನ್ನ ರಿಪೋರ್ಟ್.

ಬಾಗಿಲ ತನಕ ಹೋದವಳನ್ನು ರಾಹೇಲಮ್ಮ ಕೇಳಿದರು: "ನಾನು ಕರೆದ್ರೆ ಬರಲ್ವೇನೇ?"

ಆರು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಪ್ರಿಸಿಲ್ಲ ಚಪ್ಪಲಿಗೆ ತೂರಿಸಿದ್ದ ಕಾಲು ಹಿಂದಕ್ಕೆ ತೆಗೆದಳು. ಸಂಪತ್ ತಂಗಿಯ ಬ್ಯಾಗ್ ಇಸಿದುಕೊಂಡು ಒಳಗಿಟ್ಟ.

ಹಳೆಯ ರಿಪೋರ್ಟ್ ವಾಪಸ್ ಪಡೆದು ಹೊಸದು ಬರೆದೆ. ಅರವತ್ತಮೂರು ಪುಟಗಳೂ ಶ್ರೀಮತಿ ರಾಹೇಲಮ್ಮನವರ ಕೈಬರಹ ಎಂದೆ. ಹನ್ನೊಂದನೆಯ ದಿನ ಆ ಮಾತು ಹೇಳಿದವರು ಯಾರು ಎನ್ನುವುದು ನನ್ನ ಪರೀಕ್ಷೆಯ ವ್ಯಾಪ್ತಿಯಲ್ಲಿಲ್ಲ ಎಂದೂ ಸೇರಿಸಿದೆ. ಅದಾದ ಮೇಲೆ ಯಾವ ಕೇಸು ಬಂದರೂ ಸ್ಟ್ಯಾಂಡರ್ಡ್ ಕೇಳುವ ಮೊದಲು ಮನೆಯಲ್ಲಿ ಬರೆಯುವವರು ಯಾರು ಎಂದು ಕೇಳುತ್ತೇನೆ. ಬರೆದುಕೊಳ್ಳುವವರಿಗೂ ಹೇಳಲು ಏನಾದರೂ ಇರುತ್ತದೆ ಎಂಬುದು ಮೂವತ್ತೊಂದು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.