ಮೆಟ್ಟಿಲ ಕೆಳಗಿನ ಸವತಿ

ಕಥೆಯ ಮೊದಲ ಭಾಗ ಬೀದಿಗೆಲ್ಲ ಬಾಯಿಪಾಠ. ಇಸ್ತ್ರಿ ಅಂಗಡಿಯ ಅಕ್ಕತಂಗಿಯರಲ್ಲಿ ಚಿಕ್ಕವಳು ಬಟ್ಟೆ ಮಡಚುತ್ತಿದ್ದಾಗ ಮೆಟ್ಟಿಲ ಕೆಳಗಿನ ಉಗ್ರಾಣದಿಂದ ಒಬ್ಬ ಹುಡುಗ ಕೆಮ್ಮುತ್ತ ಹೊರಬಂದ. ಇನ್ನೂ ಬಾರದ ಕಾಲದಿಂದ ಬಂದೆ ಎಂದ. ಅವಳು ಮರುಳಾದಳು, ಮದುವೆಯಾಯಿತು. ಕೇಳುವವರು ಅಲ್ಲಿಗೇ ಕಣ್ಣೊರೆಸಿಕೊಂಡು ಎದ್ದುಹೋಗುತ್ತಾರೆ. ಆಮೇಲೆ ಪಾತ್ರೆ ಯಾರು ತೊಳೆದರು ಎಂದು ಯಾರೂ ಕೇಳಿಲ್ಲ.

ಅವಳೇ ತೊಳೆದಳು. ಹಗಲೆಲ್ಲ ಅಂಗಡಿಯಲ್ಲಿ ನಿಂತು, ಅದರ ಹಿಂಭಾಗದ ಮನೆಗೆ ಬಂದು ಅಡುಗೆ ಮಾಡಿ, ಅವನ ಕಾಲುಚೀಲಗಳನ್ನು ಮಂಚದಡಿಯಿಂದ ಹೆಕ್ಕಿದಳು. ಊಟ ಮುಗಿದದ್ದೇ ಅವನು "ಇದೋ ಬಂದೆ" ಎಂದು ಉಗ್ರಾಣಕ್ಕೆ ನುಗ್ಗುತ್ತಿದ್ದ. ಅವಳು ತಟ್ಟೆ ಎತ್ತುವಷ್ಟರಲ್ಲಿ ಹೊರಗೆ, ಎಲ್ಲಿಗೂ ಹೋಗದವನಂತೆ. ಆದರೆ ಬೆಳಿಗ್ಗೆ ಬೋಳಿಸಿದ ಗಡ್ಡ ಮುಳ್ಳುಮುಳ್ಳು. ಮುಖದಲ್ಲಿ ಚೆನ್ನಾಗಿ ನಿದ್ದೆ ಮಾಡಿದ ಕಳೆ.

"ಎಲ್ಲಿಗೆ ಹೋಗಿದ್ದೆ?"

"ಹಳೇ ಸಾಮಾನು ನೋಡ್ತಿದ್ದೆ ಕಣೇ."

ಅಕ್ಕ ಕಿಸಕ್ಕೆಂದಳು. "ಸಾಮಾನು ನೋಡ್ತಾನೆ ಅಂತ ನಂಬಿದೀಯಾ? ಊಟ ಆದ್ಮೇಲೆ ಇಷ್ಟು ನಗೋ ಗಂಡನ ಜೇಬು ನೋಡ್ದೆ ಬಿಡ್ತೀಯಲ್ಲೇ!"

ಜೇಬಿನಲ್ಲಿ ಏನೂ ಇರಲಿಲ್ಲ. ಆದರೆ ಮುದುಡಿದ ಅಂಗಿಯಲ್ಲಿ ಒಳಹೋದವನು ಅದೇ ಅಂಗಿಯನ್ನು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ. ಯಾವಳೋ ಮಾಡಿಕೊಟ್ಟಿದ್ದಾಳೆ! ಅಂಗಿ ಬಿಚ್ಚಿಸಿಕೊಂಡಳು. ದೀಪದಡಿ ಹಿಡಿದು ನೋಡಿದಳು. ಕಾಲರಿನ ತುದಿಯಲ್ಲಿ ಸಣ್ಣ ಸುಕ್ಕು. ಇಸ್ತ್ರಿಪೆಟ್ಟಿಗೆಯನ್ನು ಮಧ್ಯದಿಂದ ಹೊರಕ್ಕೆ ಎಳೆದರೆ ಹಾಗಾಗುತ್ತದೆ. ಕೆಲಸ ಕಲಿಯುವಾಗ ಇದಕ್ಕೇ ಅಕ್ಕನಿಂದ ತಲೆಗೆ ಮೊಟಕಿಸಿಕೊಂಡಿದ್ದಳು. ಈ ಕೈ ತನ್ನದೇ. ಮದುವೆಗೆ ಮುಂಚಿನದು. ಉಗ್ರಾಣದಿಂದ ಅವನು ಆ ದಿನಗಳಿಗೇ ಹೋಗುತ್ತಿದ್ದಾನೆ.

"ನನ್ನ ಹತ್ರಾನೇ ಹೋಗ್ತೀಯಾ, ನನ್ನ ಬಿಟ್ಟು?"

ಅವನು ಕಾಲಿನಿಂದ ನೆಲ ಕೆರೆದ. "ಅವಳೂ ನೀನೇ ಅಲ್ವಾ? ತಪ್ಪೇನು? ಅವಳು ನಗ್ತಾಳೆ. ಏನೂ ಕೆಲಸ ಹೇಳಲ್ಲ."

"ಆಗ ಕೆಲಸವೆಲ್ಲ ಅಕ್ಕ ಮಾಡ್ತಿದ್ಲು. ನನಗೆ ನಗೋದಕ್ಕೆ ಪುರುಸೊತ್ತಿತ್ತು."

ಆಡಿದ ಮಾತಿಗೆ ತಾನೇ ಬೆಚ್ಚಿದಳು. ಅಕ್ಕನ ಮುಖ ನೋಡಲಾಗಲಿಲ್ಲ.

"ಅವಳು ಮದುವೆಗೆ ಒಪ್ಪಿದ್ದಾಳಾ?" ಎಂದು ಅವನನ್ನು ಕೇಳಿದಳು.

"ನಾಳೆ ಹೇಳ್ತೀನಿ ಅಂದಿದಾಳೆ."

ಆ ಹುಡುಗಿ ಒಲ್ಲೆ ಎಂದರೆ ಈ ಗಂಡ, ಈ ಸಂಸಾರ ಇಲ್ಲವೇ ಇಲ್ಲ ಎಂದಾಗಬಹುದು. ಒಪ್ಪಿದರೆ ಮತ್ತದೇ ಪಾತ್ರೆ. ಅವನನ್ನು ಪಕ್ಕಕ್ಕೆ ತಳ್ಳಿ ತಾನೇ ಉಗ್ರಾಣಕ್ಕೆ ಇಳಿದಳು.

ಆಚೆ ಅದೇ ಅಂಗಡಿ. ಹುಡುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ಯಾರು ನೀನು? ಅವನ ಹೆಂಡ್ತಿ ಥರ ನಿಂತಿದೀಯಾ," ಎಂದಳು. ಹುಟ್ಟಾ ಸಂಶಯದವಳು.

"ಹೆಂಡ್ತಿನೇ. ಬೇಡ ಅನ್ನು ಅಂತ ಹೇಳೋಕೆ ಬಂದಿಲ್ಲ. ಹೂಂ ಅನ್ನೋ ಮುಂಚೆ ಒಂದು ವಾರ ಅಕ್ಕನ ಕೆಲಸಾನೆಲ್ಲ ನೀವಿಬ್ರೂ ಮಾಡಿ. ಅವನು ಓಡಿಹೋದ್ರೆ ಹೋಗ್ಲಿ."

"ಆಗ ನಿನ್ನ ಗತಿ?"

"ನಂದು ನಾನು ನೋಡ್ಕೋತೀನಿ."

ಹಿಂದಿರುಗಿ ಬಾಗಿಲು ತಳ್ಳಿದಳು. ಒಳಗೆ ನೀರಿನ ಸದ್ದು. ಅವನು ಗೊಣಗುತ್ತ ಪಾತ್ರೆ ಉಜ್ಜುತ್ತಿದ್ದ. ಅಕ್ಕ ಕಾಲು ಚಾಚಿ ಕೂತಿದ್ದಳು.

"ಇವನು ಯಾವಾಗ ಕಲಿತ?"

"ಮದುವೆಗೆ ಮುಂಚೆ ನೀನೇ ಅಲ್ವೇನೇ ಕಲ್ಸಿದ್ದು? ವಾರವೆಲ್ಲ ಅತ್ತಿದ್ದ, ಪಾಪ," ಎಂದಳು ಅಕ್ಕ.

ಅವಳಿಗೆ ಅಂಥದ್ದೇನೂ ನೆನಪಿರಲಿಲ್ಲ. ಬಾಣಲೆ ಎತ್ತಿ ತಳಕ್ಕೆ ಬೆರಳಾಡಿಸಿದಳು. ಜಿಡ್ಡು.

"ಇದನ್ನ ಇನ್ನೊಂದ್ಸಲ," ಎಂದು ಅವನ ಮುಂದಿಟ್ಟು, ಅಕ್ಕನ ಪಕ್ಕ ಕೂತಳು.